ಪೀಠದ ಕೆಳಗೆ

ಗುರುಗಳ ಹೇಲು ಕೂಡ ಎಲ್ಲರ ಹೇಲಿನ ಹಾಗೇ ನಾರುತ್ತದೆ. ಈ ಸತ್ಯ ಆಶ್ರಮದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅದನ್ನು ತೊಳೆಯುತ್ತಿದ್ದ ಆಯಮ್ಮ. ಇನ್ನೊಬ್ಬ ಅದನ್ನು ಮುಚ್ಚಿಡುತ್ತಿದ್ದ ಕಾರ್ಯದರ್ಶಿ. ಗುರುಗಳಿಗೂ ಗೊತ್ತಿದ್ದಿರಬೇಕು, ಮೂಗು ಅವರಿಗೂ ಇತ್ತು. ಆದರೆ ಆ ಮಾತನ್ನು ಅವರು ಯಾವತ್ತೂ ಎತ್ತಿರಲಿಲ್ಲ.

ಲಕ್ವ ಹೊಡೆದ ಮೇಲೆ ಗುರುಗಳ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಜೊತೆಗೆ ಕೆಳಗಿನ ಹಿಡಿತವೂ ಹೋಗಿತ್ತು. ಮಾತು ಮಾತ್ರ ಉಳಿದಿತ್ತು, ಆಶ್ರಮಕ್ಕೆ ಅಷ್ಟು ಸಾಕಾಗಿತ್ತು. ಶಿಷ್ಯರಿಗೆ ಹೇಳಿದ ಕಥೆಯೇ ಬೇರೆ. ಗುರುಗಳು ದೇಹಭಾವ ಬಿಟ್ಟಿದ್ದಾರೆ, ಅವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಶೌಚವಿಲ್ಲ, ಕೂತ ಆಸನದಿಂದ ಏಳುವುದೇ ಇಲ್ಲ. ಏಳುವುದಿಲ್ಲ ಎನ್ನುವುದೊಂದು ನಿಜ. ಏಳಲು ಅವರಿಂದ ಆಗುತ್ತಿರಲಿಲ್ಲ.

ಅವರು ಕೂರುತ್ತಿದ್ದದ್ದು ಸುತ್ತ ರೇಷ್ಮೆ ಇಳಿಬಿಟ್ಟ ದೊಡ್ಡ ಪೀಠ. ರೇಷ್ಮೆಯ ಮರೆಯಲ್ಲಿ ಮೆತ್ತೆ. ಮೆತ್ತೆಯ ನಡುವೆ ತೂತು. ತೂತಿನ ಕೆಳಗೆ ತಗಡಿನ ಬೇಸಿನ್ನು. ಪೀಠದ ಹಿಂದೆ ಕೆಂಪು ಪರದೆ, ಪರದೆಯ ಹಿಂದೆ ಆಯಮ್ಮ. ಪ್ರವಚನ ನಡೆಯುವಾಗ ಅವಳು ಮೊಣಕಾಲೂರಿ ಕೂತು, ತುಂಬಿದ ಬೇಸಿನ್ನು ಎಳೆದು ಇನ್ನೊಂದನ್ನು ತಳ್ಳಿ, ತೂತಿನೊಳಗೆ ಕೈ ಹಾಕಿ ಒರೆಸಬೇಕು. ತಗಡು ಸದ್ದು ಮಾಡಬಾರದು. "ನೀವು ಈ ದೇಹವಲ್ಲ" ಎಂದು ಗುರುಗಳು ಮುಂದೆ ಹೇಳುತ್ತಿರುವಾಗ ಅವಳು ಹಿಂದೆ ಅದೇ ದೇಹದ ಕೆಳಗೆ ತಲೆ ತಗ್ಗಿಸಿ ಉಸಿರು ಬಿಗಿಹಿಡಿದಿರುತ್ತಿದ್ದಳು. ವಾಸನೆ ಅಡಗಿಸಲು ಧೂಪ ಹಾಕಿ ಹಾಕಿ ಸಭಾಂಗಣದ ಗೋಡೆ ಕಪ್ಪಾಗಿತ್ತು. ಶಿಷ್ಯರು ಅದನ್ನೂ ತಪಸ್ಸಿನ ಶಾಖ ಎಂದುಕೊಂಡಿದ್ದರು.

ಬೇಸಿನ್ನಿನದನ್ನು ಬಕೆಟ್ಟಿಗೆ ಸುರಿದು ಹಿಂದಿನ ಮೆಟ್ಟಿಲಿನಿಂದ ಇಳಿಸಿಕೊಂಡು ಹೋಗಬೇಕು. ಅವಳು ಕೆಲಸಕ್ಕೆ ಸೇರಿದ ದಿನವೇ ಕಾರ್ಯದರ್ಶಿ ಪಾಠ ಹೇಳಿಕೊಟ್ಟಿದ್ದ.

"ಯಾರಾದ್ರೂ ನೋಡಿ ಕೇಳಿದ್ರೆ ನಿಂದು ಅನ್ನು."

"ನಂದಾ?"

"ಹೂಂ. ಹೊಟ್ಟೆ ಸರಿಯಿಲ್ಲ ಅನ್ನು. ಯಾರು ಬಗ್ಗಿ ನೋಡ್ತಾರೆ?"

ಯಾರೂ ಬಗ್ಗಿ ನೋಡಲಿಲ್ಲ. ಆದರೆ ಒಂದು ದಿನ ನಿವೃತ್ತ ಜಡ್ಜು ಎದುರಿಗೆ ಬಂದುಬಿಟ್ಟರು. ಶಿಷ್ಯರಲ್ಲೆಲ್ಲ ಹಿರಿಯರು ಅವರು, ಮೊದಲ ಸಾಲಿನಲ್ಲಿ ಕೂರುವವರು. ಮೂಗಿಗೆ ಶಾಲು ಹಿಡಿದು "ಏನದು?" ಎಂದು ಗದರಿದರು. "ನಂದೇ ಸ್ವಾಮಿ, ಹೊಟ್ಟೆ ಕೆಟ್ಟಿದೆ" ಎಂದಳು ಆಯಮ್ಮ. ಮಾರನೆಯ ದಿನದಿಂದ ಊಟದ ಮನೆಯಲ್ಲಿ ಅವಳ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು, ಕೂರುವ ಜಾಗ ಹೊರಗಿನ ಕಟ್ಟೆಯಾಯಿತು. ಹೊಟ್ಟೆ ಕೆಟ್ಟವಳು ಎಂಬ ಹೆಸರೂ ಬಂತು. ಕಲ್ಲು ತಿಂದರೂ ಅರಗಿಸಿಕೊಳ್ಳುವ ಹೊಟ್ಟೆ ಅವಳದು. ಅದನ್ನು ಯಾರಿಗೆ ಹೇಳುವುದು?

ಮನೆಯಲ್ಲಿ ಅತ್ತೆಗೆ ಹೇಳುತ್ತಿದ್ದಳು. ಗಂಡ ಸತ್ತ ಮೇಲೆ ಅತ್ತೆ ಸೊಸೆ ಇಬ್ಬರೇ, ಒಂದೇ ಕೋಣೆ. ಅತ್ತೆ ಗೋಡೆಗೊರಗಿ ಅಂಗಡಿಯವರಿಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು.

"ಬಂದ್ಯಾ? ನಿನ್ನ ದೇವರು ಇವತ್ತು ಎಷ್ಟು ಸಲ ಪ್ರಸನ್ನ ಆದ?"

"ಸುಮ್ನಿರಿ ಅತ್ತೆ. ದೊಡ್ಡವರ ಬಗ್ಗೆ ಹಾಗೆಲ್ಲ ಅನ್ಬಾರ್ದು."

"ನಾನೇನಂದೆ? ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಿಮ್ಮಲ್ಲಿ ಮಾಡೋನು ಒಬ್ಬ, ಉಣ್ಣೋಳು ಇನ್ನೊಬ್ಬಳು. ನೀನು ಆಸ್ಪತ್ರೇಲೂ ಇದೇ ಕೆಲಸ ಮಾಡ್ತಿದ್ದೆ. ಅಲ್ಲಿ ಯಾರೂ ಅದನ್ನ ನಿಂದು ಅಂತಿರಲಿಲ್ಲ."

ಅದು ನಿಜ. ಆಸ್ಪತ್ರೆಯಲ್ಲಿ ಅವಳು ವಾರ್ಡಿನ ಆಯಾ. ಗುರುಗಳನ್ನು ಮೊದಲು ಕಂಡದ್ದೂ ಅಲ್ಲೇ. ಲಕ್ವ ಹೊಡೆದು ಮಲಗಿದ್ದ ಮುದುಕ, ಅವಳು ಬೆನ್ನೊರೆಸುವಾಗ ಇದ್ದಕ್ಕಿದ್ದಂತೆ ಕೇಳಿದ್ದರು. "ನೀನು ಯಾರಮ್ಮ?"

"ಆಯಾ."

"ಅದು ನಿನ್ನ ಕೆಲಸ. ನೀನು ಯಾರು?"

"ಗಂಡ ಸತ್ತೋಳು. ಅತ್ತೆ ಜೊತೆ ಇದೀನಿ."

"ಅದು ನಿನ್ನ ಸಂಸಾರ. ನೀನು ಯಾರು?"

ಹುಟ್ಟಿದಾಗಿನಿಂದ ಅವಳನ್ನು ಎಲ್ಲರೂ ಕರೆದಿದ್ದರು, ಬೈದಿದ್ದರು, ಕಳಿಸಿದ್ದರು, ನೀನು ಯಾರು ಎಂದು ಯಾರೂ ಕೇಳಿರಲಿಲ್ಲ. ಕುಲ ಕೇಳಿದವರುಂಟು. ಕೇಳಿ ಎರಡು ಹೆಜ್ಜೆ ಹಿಂದೆ ಸರಿದವರೂ ಉಂಟು. ಈ ಮುದುಕ ಕೇಳಿದ್ದು ಹಾಗಲ್ಲ. ಉತ್ತರ ತನಗೂ ಬೇಕು ಎನ್ನುವ ಹಾಗೆ ಕೇಳಿದ್ದರು. ಆ ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕು ಕೂತಿತು. ಗುರುಗಳು ಆಶ್ರಮಕ್ಕೆ ಮರಳಿದಾಗ ಅವಳೂ ಕೆಲಸ ಬಿಟ್ಟು ಹಿಂದೆಯೇ ಬಂದಳು. ಎರಡು ಹೊತ್ತಿನ ಊಟ, ಅತ್ತೆಗೊಂದು ಡಬ್ಬಿ. ಸಂಬಳ ಕೇಳುವ ಹಾಗಿಲ್ಲ, ಇದು ಸೇವೆ.

ಗುರುಗಳು ಮೋಸಗಾರರಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಹಾಗಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿಸುವಾಗ ಇಬ್ಬರೇ ಇರುತ್ತಿದ್ದರು. ಆಗ ಅವರು ಅವಳೊಂದಿಗೆ ಸಮಸಮವಾಗಿ ಮಾತಾಡುತ್ತಿದ್ದರು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. "ನೀನು ಏನು ಅಂತ ಹುಡುಕಬೇಡ ಮಗಳೇ. ನೀನು ಏನಲ್ಲ ಅಂತ ನೋಡು. ಅಲ್ಲದ್ದನ್ನ ಒಂದೊಂದೇ ಬಿಸಾಕು. ಕೊನೆಗೆ ಬಿಸಾಕೋಕೆ ಆಗದೆ ಉಳಿಯುತ್ತಲ್ಲ, ಅದು ನೀನು." ಅವಳು ಪಾತ್ರೆ ತಿಕ್ಕುವಾಗ, ನಡೆಯುವಾಗ ಅದನ್ನೇ ಮಾಡುತ್ತಿದ್ದಳು. ಆಯಾ ಅಲ್ಲ, ವಿಧವೆ ಅಲ್ಲ, ಸೊಸೆ ಅಲ್ಲ. ಒಂದೊಂದನ್ನು ಬಿಸಾಕಿದಾಗಲೂ ಎದೆ ಹಗುರಾಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿದಳು, "ನನಗೂ ದೀಕ್ಷೆ ಕೊಡ್ತೀರಾ?" ಕಿವಿಯಲ್ಲಿ ಮಂತ್ರ ಹೇಳಿ, ಶಿಷ್ಯಳು ಎಂದು ಸಭೆಯ ಮುಂದೆ ಒಪ್ಪಿಕೊಳ್ಳುವುದು ದೀಕ್ಷೆ. "ಕೊಡ್ತೀನಿ" ಎಂದರು ಗುರುಗಳು. ಅವತ್ತು ಅವಳು ಬಚ್ಚಲಲ್ಲೇ ಕೂತು ಅತ್ತಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕಾರ್ಯದರ್ಶಿ ಹುಬ್ಬು ಗಂಟಿಕ್ಕಿದ. "ಆತ್ಮಕ್ಕೆ ಕುಲ ಇಲ್ಲ ಆಯಮ್ಮ. ಆದ್ರೆ ಸಭೆಗೆ ಇದೆ" ಎಂದ. ಗುರುಗಳು ಪಟ್ಟು ಹಿಡಿದರು. ಕೆಲವು ದಿನ ಕಳೆದ ಮೇಲೆ ಕಾರ್ಯದರ್ಶಿಗೆ ಬೇರೆ ಲೆಕ್ಕ ಹೊಳೆಯಿತು. ಕಟ್ಟಕಡೆಯವಳಿಗೂ ದೀಕ್ಷೆ ಕೊಟ್ಟೆವು ಎಂದರೆ ಒಳ್ಳೆಯ ಫೋಟೊ ಬರುತ್ತದೆ. "ಆಯ್ತು, ಕೊನೇ ಸಾಲಲ್ಲಿ ಕೂತ್ಕೋ" ಎಂದ.

ಆಗ ಒಂದು ತೊಡಕು ಎದ್ದಿತು. ಅವಳು ಮುಂದೆ ಕೂತರೆ ಪರದೆಯ ಹಿಂದೆ ಯಾರು? ಇನ್ನೊಬ್ಬರನ್ನು ಇಡಬೇಕೆಂದರೆ ಗುಟ್ಟು ಹೇಳಬೇಕು. ಗುಟ್ಟು ಹೇಳಿದರೆ ಪೀಠವೇ ಕುಸಿಯುತ್ತದೆ. ಕಾರ್ಯದರ್ಶಿ ತಾನು ಕೂರುವ ಮಾತೇ ಆಡಲಿಲ್ಲ. "ಹಿಂದಿನ ದಿನದಿಂದ ಏನೂ ತಿನ್ನಿಸೋದು ಬೇಡ. ಭೇದಿ ನಿಲ್ಲೋ ಮಾತ್ರೆ ಕೊಡು. ಬಿಗಿಯಾಗಿ ಬಟ್ಟೆ ಕಟ್ಟು" ಎಂದ. ಅವಳು ಹಾಗೇ ಮಾಡಿದಳು. ಕೂತು ಕೂತು ಸೊಂಟದಲ್ಲಿ ಎದ್ದಿದ್ದ ಹುಣ್ಣಿಗೆ ಬಟ್ಟೆ ಒತ್ತಿ ಗುರುಗಳು ನರಳಿದರು. "ಇವತ್ತೊಂದು ದಿನ ತಡ್ಕೊಳ್ಳಿ ಗುರುಗಳೇ, ನನಗೋಸ್ಕರ" ಎಂದಳು.

ಆಶ್ರಮದಿಂದ ಒಂದು ಬಿಳಿ ಬಟ್ಟೆ ಕೊಟ್ಟಿದ್ದರು. ಅದನ್ನುಟ್ಟು ಅವಳು ಮೊದಲ ಸಲ ಸಭಾಂಗಣವನ್ನು ಮುಂದಿನಿಂದ ನೋಡಿದಳು. ಎಷ್ಟು ಚೆಂದ ಕಾಣುತ್ತಿತ್ತು ಪೀಠ! ಹೂವು, ದೀಪ, ರೇಷ್ಮೆ. ಹಿಂದಿನಿಂದ ನೋಡಿದವಳಿಗೂ ಕೈ ಮುಗಿಯಬೇಕೆನಿಸಿತು.

ಆದರೆ ಕಾರ್ಯದರ್ಶಿ ಒಂದನ್ನು ಮರೆತಿದ್ದ. ದೀಕ್ಷೆಗೆ ಮುಂಚೆ ಪ್ರತಿಯೊಬ್ಬರೂ ಗುರುಗಳ ಬಾಯಿಗೆ ಒಂದು ಚಮಚ ಜೇನು ಬೆರೆಸಿದ ಹಾಲು ಹಾಕಬೇಕು. ಪ್ರತಿ ಸಲವೂ ಇದ್ದದ್ದೇ. ಪ್ರತಿ ಸಲವೂ ಅದರ ಫಲವನ್ನು ಪರದೆಯ ಹಿಂದೆ ಹಿಡಿದವಳು ಆಯಮ್ಮ, ಅವನಿಗೇನು ನೆನಪು? ಜಡ್ಜು ಹಾಕಿದರು. ಅವರ ಹೆಂಡತಿ ಹಾಕಿದರು. ಸಾಲು ಬಾಗಿಲವರೆಗಿತ್ತು. ಒಬ್ಬೊಬ್ಬರು ಚಮಚ ಎತ್ತಿದಾಗಲೂ ಆಯಮ್ಮ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಕಾರ್ಯದರ್ಶಿಗೆ ಕಣ್ಸನ್ನೆ ಮಾಡಿದಳು. ಅವನು ಫೋಟೊದವನ ಜೊತೆ ಮಾತಾಡುತ್ತಿದ್ದ. ಗುರುಗಳ ಹಣೆಯಲ್ಲಿ ಬೆವರು ಕಂಡಿತು, ಆಮೇಲೆ ಅವರ ಮುಖ ಸಡಿಲವಾಯಿತು. ಆ ಸಡಿಲ ಅವಳಿಗೆ ಗೊತ್ತಿತ್ತು.

ವಾಸನೆ ಪೀಠದ ಕಡೆಯಿಂದ ಹೊರಟಿತು. ಆದರೆ ಮೂಗುಗಳು ತಿರುಗಿದ್ದು ಕೊನೆಯ ಸಾಲಿಗೆ.

"ಆಯಮ್ಮ, ಎದ್ದು ಹೋಗು" ಎಂದರು ಜಡ್ಜು, ಕೂತಲ್ಲಿಂದಲೇ. "ನಿನ್ನ ಹೊಟ್ಟೆ ವಿಷಯ ಎಲ್ಲರಿಗೂ ಗೊತ್ತಿರೋದೇ. ಇವತ್ತಾದ್ರೂ ಮನೇಲಿ ಇರಬಾರದಿತ್ತಾ?"

ಅಕ್ಕಪಕ್ಕದವರು ಚಾಪೆ ಎಳೆದುಕೊಂಡು ದೂರ ಸರಿದರು. ಒಬ್ಬಳು ವಾಕರಿಸಿದಳು. ಆಯಮ್ಮನ ಸುತ್ತ ಖಾಲಿ ನೆಲ ಉಳಿಯಿತು. ಕಾರ್ಯದರ್ಶಿಗೆ ಈಗ ಎಲ್ಲ ಅರ್ಥವಾಯಿತು. ಅವನು ಓಡಿಬಂದು ಮೈಕು ಹಿಡಿದ.

"ಎಲ್ಲರೂ ಕ್ಷಮಿಸಬೇಕು. ಪಾಪ, ನಮ್ಮ ಆಯಮ್ಮನಿಗೆ ಸ್ವಲ್ಪ ತೊಂದರೆ ಆಗಿದೆ. ಆಯಮ್ಮ, ಗುರುಗಳ ಕಾಲಿಗೆ ಬಿದ್ದು ತಪ್ಪಾಯ್ತು ಅಂತ ಹೇಳಿ ಹಿಂದುಗಡೆ ಬಾ."

ಹಿಂದುಗಡೆ ಬಾ ಎಂದರೆ ಬಂದು ತೊಳಿ ಎಂದು ಅರ್ಥ. ಅವಳು ಎದ್ದಳು. ಗುರುಗಳನ್ನು ನೋಡಿದಳು. ಗುರುಗಳೂ ಅವಳನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ಮಾತು ಬೇಡ, ಕೈ ಅಡ್ಡ ಆಡಿಸಿದ್ದರೂ ಸಾಕಿತ್ತು, ಬಲಗೈ ಸರಿಯಾಗೇ ಇತ್ತು. ಗುರುಗಳು ಕಣ್ಣು ಮುಚ್ಚಿಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. "ಸಮಾಧಿ, ಸಮಾಧಿ" ಎಂದು ಯಾರೋ ಪಿಸುಗುಟ್ಟಿದರು.

ಹೇಲು ಅವಳಿಗೆ ಯಾವತ್ತೂ ಹೇಸಿಗೆ ತಂದಿರಲಿಲ್ಲ. ಸಾಯುವವರದ್ದು ತೊಳೆದಿದ್ದಳು, ಹೆರುವವರದ್ದು ತೊಳೆದಿದ್ದಳು, ಅದೇ ಕೈ ತೊಳೆದು ಅನ್ನ ಉಂಡಿದ್ದಳು. ಈಗ ಹೇಸಿಗೆಯಾಯಿತು. ಆ ಮೈಕಿನ ಮೇಲೆ, ಮೂಗಿಗೇರಿದ ಆ ಶಾಲುಗಳ ಮೇಲೆ, ಮೈಮೇಲಿನ ಬಿಳಿ ಬಟ್ಟೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಿದ ಆ ಎರಡು ರೆಪ್ಪೆಗಳ ಮೇಲೆ.

"ನಂದಲ್ಲ" ಎಂದಳು.

"ಏನು?"

"ಇದು ನಂದಲ್ಲ. ಇಷ್ಟು ದಿನ ಮೆಟ್ಟಿಲ ಮೇಲೆ ನಂದು ನಂದು ಅಂದೆ. ಯಾವತ್ತೂ ನಂದಾಗಿರಲಿಲ್ಲ. ಇವತ್ತೂ ಅಲ್ಲ."

ನೇರ ನಡೆದು ಹೋಗಿ ಪೀಠದ ರೇಷ್ಮೆಯನ್ನು ಹಿಡಿದು ಎಳೆದಳು. ಹೂವು ಚೆಲ್ಲಿದವು. ಕೆಳಗಿನ ಬೇಸಿನ್ನು ಕಂಡಿತು. ತೊಯ್ದ ಬಟ್ಟೆಯಿಂದ ಹಳದಿ ನೀರು ಗುರುಗಳ ಕಾಲಿನ ಮೇಲೆ ಇಳಿಯುತ್ತಿತ್ತು. ಜನ ನಮಸ್ಕಾರ ಮಾಡುತ್ತಿದ್ದ ಕಾಲು ಅದು.

ಕಾರ್ಯದರ್ಶಿಯನ್ನು ಸಾಮಾನ್ಯದವನು ಎಂದುಕೊಳ್ಳಬೇಡಿ. "ನೋಡಿದಿರಾ!" ಎಂದು ಮೈಕಿನಲ್ಲಿ ಕೂಗಿದ. "ಗುರುಗಳ ಕರುಣೆ ನೋಡಿದಿರಾ! ದೀಕ್ಷೆ ಕೊಡೋಕೆ ಮುಂಚೆ ಈಕೆಯ ಜನ್ಮಜನ್ಮದ ಪಾಪಾನೆಲ್ಲ ತಮ್ಮ ಶರೀರಕ್ಕೆ ತಗೊಂಡು ಹೊರಗೆ ಹಾಕಿದಾರೆ. ಇದು ಗುರುಗಳದ್ದಲ್ಲ. ಈಕೆಯ ಪಾಪ!"

"ಆಹಾ" ಎಂದಿತು ಸಭೆ. ಹೆಂಗಸರು ಕಣ್ಣೊರೆಸಿಕೊಂಡರು. ಪೀಠದ ಕೆಳಗೆ ಬೇಸಿನ್ನು ಯಾಕಿತ್ತು ಎಂದು ಒಬ್ಬರೂ ಕೇಳಲಿಲ್ಲ. ಆಯುಷ್ಯವಿಡೀ ಸಾಕ್ಷಿ ವಿಚಾರಿಸಿದ ಜಡ್ಜೂ ಕೇಳಲಿಲ್ಲ.

ಆಯಮ್ಮ ಗುರುಗಳ ಮುಖದ ಹತ್ತಿರ ಬಗ್ಗಿದಳು. "ಗುರುಗಳೇ, ಕಣ್ಣು ಬಿಡಿ. ನೀವೇ ಹೇಳಿ. ಇದು ಯಾರದು?"

ರೆಪ್ಪೆ ಅದುರಿದವು. ಕಣ್ಣು ತೆರೆದವು.

"ನಂದು" ಎಂದರು. ಮೈಕಿಲ್ಲದಿದ್ದರೂ ಕೇಳಿಸಿತು. "ನಂದೇ. ಅವಳದಲ್ಲ. ನನಗೆ ಹಿಡಿತ ಇಲ್ಲ." ಮಗುವಿನ ಹಾಗೆ ಬಾಯಿ ಸೊಟ್ಟ ಮಾಡಿ ಅತ್ತರು.

ಸದ್ಯ, ಮುಗಿಯಿತು ಎಂದುಕೊಂಡಳು ಅವಳು. ಸತ್ಯ ಹೊರಬಿತ್ತು, ಇನ್ನು ಯಾರು ಏನು ಮಾಡಿಯಾರು? ಆದರೆ ಜಡ್ಜು ಎದ್ದು ನಿಂತರು. ಅವರ ಕಣ್ಣಲ್ಲಿ ನೀರು.

"ಕೇಳಿದಿರಾ? ಅವಳ ಪಾಪಾನೂ ನಂದೇ ಅಂತಿದಾರೆ! ಇದಕ್ಕಿಂತ ದೊಡ್ಡ ತ್ಯಾಗ ಇದೆಯಾ?"

ಜೈಕಾರ ಮೊಳಗಿತು. ಗುರುಗಳು ತಲೆಯಾಡಿಸಿ "ಅಲ್ಲ, ಅಲ್ಲ" ಎಂದರು. "ಅಲ್ಲ ಅಲ್ಲ ಅಂದ್ರೆ ಏನು ಗೊತ್ತಾ? ಈ ಪ್ರಪಂಚ ನಿಜ ಅಲ್ಲ ಅಂತ" ಎಂದು ಒಬ್ಬ ಪಕ್ಕದವನಿಗೆ ಬಿಡಿಸಿ ಹೇಳಿದ. ಜನ ಮುನ್ನುಗ್ಗಿದರು. ಅವಳಿಗೆ ನಗು ಬಂತು, ಕೂಗಬೇಕೆನಿಸಿತು. ಮುದುಕ ತನ್ನ ಹೇಲು ತನ್ನದು ಎಂದು ಅಳುತ್ತಿದ್ದಾನೆ, ಇವರು ಅದನ್ನೂ ಅವನಿಗೆ ಬಿಟ್ಟುಕೊಡರು! ಥೂ.

ಜಡ್ಜು ಎಲ್ಲರಿಗಿಂತ ಮೊದಲು ಬಗ್ಗಿ ಗುರುಗಳ ಪಾದ ಮುಟ್ಟಿದರು. ಬೆರಳಿಗೆ ಒದ್ದೆ ತಾಗಿತು. ಬೆಚ್ಚಿ ಕೈ ಹಿಂದೆಳೆದುಕೊಂಡರು. ಅತ್ತಿತ್ತ ನೋಡಿದರು. ಪಕ್ಕದಲ್ಲೇ ಇದ್ದ ಆಯಮ್ಮನ ಸೆರಗನ್ನು ಹಿಡಿದು ಬೆರಳು ಒರೆಸಿಕೊಂಡರು. ಅವಳ ಮುಖ ಕೂಡ ನೋಡಲಿಲ್ಲ. ಬಾಗಿಲ ಮುಂದಿನ ಗೋಣಿಗೆ ಕಾಲೊರೆಸುವಾಗ ಗೋಣಿಯ ಮುಖ ಯಾರು ನೋಡುತ್ತಾರೆ?

ಅವಳು ಆ ಕೈಯನ್ನು ಹಿಡಿದುಕೊಂಡಳು. ಒದ್ದಾಡುವ ರೋಗಿಗಳನ್ನು ಹಿಡಿದು ಪಳಗಿದ ಮುಷ್ಟಿ ಅದು.

"ಯಾಕೆ ಒರೆಸ್ಕೊಂಡ್ರಿ ಸ್ವಾಮಿ? ತ್ಯಾಗ ಅಂದ್ರಲ್ಲ. ಕೂತ್ಕೊಳ್ಳಿ, ತೊಳೀರಿ. ನೀರು ನಾನು ತಂದ್ಕೊಡ್ತೀನಿ."

"ಬಿಡು! ಕೈ ಬಿಡು ಮುಂಡೇದೇ!" ಜಡ್ಜು ಕೊಸರಿಕೊಂಡು ಹಿಂದೆ ಸರಿದರು. ಅವರ ಹಿಂದಿನವರೂ ಸರಿದರು.

ಕಾರ್ಯದರ್ಶಿ ಮೈಕನ್ನು ಅಂಗೈಯಲ್ಲಿ ಮುಚ್ಚಿ ಅವಳ ಕಿವಿಯ ಬಳಿ ಬಂದ. "ಬೇಗ ಗುರುಗಳನ್ನ ಪರದೆ ಹಿಂದೆ ಎಳ್ಕೊಂಡು ಹೋಗಿ ತೊಳಿ. ದೀಕ್ಷೆ ಈಗಲೇ ಕೊಡಿಸ್ತೀನಿ, ಮೊದಲನೇ ಸಾಲಲ್ಲಿ ಕೂರಿಸಿ ಕೊಡಿಸ್ತೀನಿ."

"ಹಿಂದೆ ಹೋಗಲ್ಲ. ಇಲ್ಲೇ ತೊಳೀತೀನಿ."

"ಇಷ್ಟು ಜನದ ಮುಂದೆಯಾ? ತಲೆ ಕೆಟ್ಟಿದೆಯಾ ನಿನಗೆ?"

"ಹೊಟ್ಟೆ ಕೆಟ್ಟಿದೆ ಅಂತ ನೀವೇ ಹೇಳಿದ್ರಿ. ತಲೆ ಸರಿಯಾಗಿದೆ."

"ನಾಳೆಯಿಂದ ಇಲ್ಲಿ ಕಾಲಿಡಬೇಡ!"

"ಇಡಲ್ಲ. ಇದೇ ಕೊನೆ. ನಾಳೆ ನೀವು ತೊಳೀರಿ. ಆಗ ನಿಂದು ಅನ್ನು ಅಂತ ನಿಮಗೆ ಯಾರು ಹೇಳ್ಕೊಡ್ತಾರೋ ನೋಡೋಣ."

ಪರದೆಯನ್ನು ಕಿತ್ತು ಒಂದು ಕಡೆ ಎಸೆದಳು. ಹಿಂದಿದ್ದ ಬಕೆಟ್ಟು, ಚಿಂದಿ, ತುಂಬಿಟ್ಟ ನೀರು ಎಲ್ಲವನ್ನೂ ದೀಪದ ಬೆಳಕಿಗೆ ಎಳೆದು ತಂದಳು. ಸಿಟ್ಟಿನಲ್ಲಿ ಹಾಗೇ ನಡೆದುಬಿಡಬಹುದಿತ್ತು. ಆದರೆ ಹುಣ್ಣಿಗೆ ಗುರು ಶಿಷ್ಯ ಎಂದೆಲ್ಲ ಗೊತ್ತಾಗುವುದಿಲ್ಲ, ಅದು ಉರಿಯುತ್ತದೆ. ಬಟ್ಟೆ ಬಿಚ್ಚಿದಳು. ವಾಸನೆ ಗುಪ್ಪೆಂದು ಎದ್ದಿತು. ಬತ್ತಿದ ತೊಡೆ, ಜೋಲು ಚರ್ಮ, ಅಂಗೈಯಗಲದ ಕೆಂಪು ಹುಣ್ಣು, ಎಲ್ಲ ಸಭೆಯ ಮುಂದೆ ಬಂತು. ಜನ ನೋಡಿದರು. ನೀವು ಈ ದೇಹವಲ್ಲ ಎಂದು ಇಷ್ಟು ದಿನ ಕೇಳಿ ತಲೆದೂಗಿದವರು ದೇಹ ಕಂಡ ತಕ್ಷಣ ಎದ್ದು ಬಿದ್ದು ಓಡಿದರು. ಫೋಟೊದವನು ಕ್ಯಾಮೆರಾ ಇಳಿಸಿದ. ಬಾಗಿಲಲ್ಲಿ ನೂಕುನುಗ್ಗಲು. ಹೊರಗೆ ಚಪ್ಪಲಿಗಾಗಿ ಜಗಳ. ಅಲ್ಲಿ ನಿಂತು ಕಾರ್ಯದರ್ಶಿ ಇದು ಗುರುಗಳ ಲೀಲೆ ಎಂದು ಒಬ್ಬೊಬ್ಬರಿಗೂ ತಿಳಿಹೇಳುತ್ತಿದ್ದದ್ದು ಒಳಗೂ ಕೇಳಿಸುತ್ತಿತ್ತು.

ಸಭಾಂಗಣದಲ್ಲಿ ಅವರಿಬ್ಬರೇ ಉಳಿದರು. ಅವಳು ಚಿಂದಿ ಹಿಂಡಿ ಒರೆಸಿದಳು. ಮತ್ತೆ ಅದ್ದಿ ಹಿಂಡಿದಳು.

"ಮಗಳೇ" ಎಂದರು ಗುರುಗಳು. "ಈಗ ಯಾರೂ ಇಲ್ಲ. ಕಿವಿ ಕೊಡು. ಮಂತ್ರ ಹೇಳ್ತೀನಿ."

"ಬೇಡ ಗುರುಗಳೇ."

"ಯಾಕಮ್ಮ? ಅಷ್ಟು ಆಸೆ ಪಟ್ಟಿದ್ದೆಯಲ್ಲ."

"ಎಲ್ಲರೂ ಇದ್ದಾಗ ಕಣ್ಣು ಮುಚ್ಕೊಂಡ್ರಿ. ಯಾರೂ ಇಲ್ಲದಾಗ ಕಿವಿ ಕೊಡು ಅಂತೀರಿ."

"ಆಮೇಲೆ ಸತ್ಯ ಹೇಳಿದೆನಲ್ಲ."

"ಹೇಳಿದ್ರಿ. ನಾನು ರೇಷ್ಮೆ ಎಳೆದ ಮೇಲೆ ಹೇಳಿದ್ರಿ."

ಅವಳು ಬೇಸಿನ್ನಿನ ನೀರು ಚೆಲ್ಲಿ ಬೇರೆ ನೀರು ಸುರಿದುಕೊಂಡಳು. ಕೊನೆಗೆ ಗುರುಗಳು ಹಳೆಯ ಅಭ್ಯಾಸದಿಂದ ಕೇಳಿದರು. ಈ ಸಲ ದನಿ ಮೆತ್ತಗಿತ್ತು.

"ಹಾಗಾದ್ರೆ ನೀನು ಯಾರು?"

"ಪೂರ್ತಿ ಗೊತ್ತಿಲ್ಲ. ನಿಮ್ಮ ಹೇಲಲ್ಲ, ಅಷ್ಟು ಗೊತ್ತಾಯ್ತು. ಬಲಗಾಲೆತ್ತಿ."

ಗುರುಗಳು ಕಾಲೆತ್ತಿದರು.